ನಾಯಿಯ ಹೊಟ್ಟೆಹುಳು: ಮಾತ್ರೆ ಕೊಟ್ಟ ಮೇಲೂ ಮತ್ತೆ ಏಕೆ ಕಾಣಿಸಿಕೊಳ್ಳುತ್ತದೆ?

ತುಂಗಾತೀರ (ತೀರ್ಥಹಳ್ಳಿ)

ನಮ್ಮ ತೋಟದ ಮನೆಯಲ್ಲಿ ಎರಡು ನಾಯಿಗಳಿವೆ. ಗಂಡುನಾಯಿಗೆ ಮೂರು ತಿಂಗಳಿಗೊಮ್ಮೆ ತಪ್ಪದೆ ಹುಳದ ಮಾತ್ರೆ ಕೊಡುತ್ತಿದ್ದರೂ, ಅದರ ಬಾಲದ ಬುಡದಲ್ಲಿಯೂ ಅದು ಮಲಗುವ ಗೋಣಿಚೀಲದ ಮೇಲೂ ಅಕ್ಕಿಕಾಳಿನಂತಹ ಬಿಳಿಯ ತುಣುಕುಗಳು ತಿಂಗಳು ತುಂಬುವುದರೊಳಗೆ ಮತ್ತೆ ಕಾಣಿಸುತ್ತವೆ. ಹೆಣ್ಣುನಾಯಿ ಮರಿ ಹಾಕಿ ಮೂರು ವಾರವಾಗಿದೆ. ಮರಿಗಳು ಹಾಲು ಚೆನ್ನಾಗಿಯೇ ಕುಡಿಯುತ್ತಿವೆ, ಆದರೆ ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗಿವೆ. ಹೊಟ್ಟೆ ಮಾತ್ರ ಉಬ್ಬಿದೆ. ಒಂದೂವರೆ ತಿಂಗಳಾಗುವವರೆಗೆ ಮರಿಗಳಿಗೆ ಹುಳದ ಔಷಧಿ ಹಾಕಲೇಬಾರದು ಎನ್ನುತ್ತಾರೆ ಅಕ್ಕಪಕ್ಕದವರು. ಮೆಡಿಕಲ್ ಅಂಗಡಿಯವರು ಮಕ್ಕಳಿಗೆ ಕೊಡುವ ಅಲ್ಬೆಂಡಜೋಲ್ ಸಿರಪ್ಪನ್ನೇ ಸ್ವಲ್ಪ ಕುಡಿಸಿ ಎಂದರು. ತಾಯಿಗೆ ಮಾತ್ರೆ ಕೊಟ್ಟಿದ್ದರೂ ಮರಿಗಳಿಗೆ ಹುಳು ಹೇಗೆ ಬಂತು, ಗಂಡುನಾಯಿಯ ತುಣುಕುಗಳೇಕೆ ನಿಲ್ಲುತ್ತಿಲ್ಲ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಪಶುವೈದ್ಯ (ಹಾಸನ)

ಮೊದಲು ಮರಿಗಳ ವಿಚಾರ, ಏಕೆಂದರೆ ಅಲ್ಲಿ ಕಾಯುವಷ್ಟು ಸಮಯವಿಲ್ಲ. ಸಿರಪ್ಪನ್ನು ಬದಿಗಿಡಿ. ನಾಯಿಗಳಲ್ಲಿ ಅಲ್ಬೆಂಡಜೋಲ್ ಮೂಳೆಮಜ್ಜೆಯನ್ನು ಕುಗ್ಗಿಸಿ ರಕ್ತಕಣಗಳ ಉತ್ಪತ್ತಿಯನ್ನೇ ತಗ್ಗಿಸಿದ ಪ್ರಕರಣಗಳು ದಾಖಲಾಗಿವೆ. ಅದಕ್ಕಿಂತ ಸುರಕ್ಷಿತವಾದ ಔಷಧಿಗಳು ಸುಲಭವಾಗಿ ಸಿಗುವಾಗ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯವಿಲ್ಲ.

ನಿಮ್ಮ ಮರಿಗಳಲ್ಲಿರುವುದು ಬಹುಮಟ್ಟಿಗೆ ಟಾಕ್ಸೊಕಾರಾ ಕ್ಯಾನಿಸ್ ಎಂಬ ದುಂಡುಹುಳು. ಹೆಣ್ಣುನಾಯಿ ತನ್ನ ಜೀವನದಲ್ಲಿ ಎಂದೋ ನುಂಗಿದ ಮೊಟ್ಟೆಗಳಿಂದ ಹೊರಬಂದ ಲಾರ್ವಾಗಳು ಅದರ ಸ್ನಾಯುಗಳಲ್ಲಿ ಸುಪ್ತವಾಗಿ ಉಳಿದಿರುತ್ತವೆ. ಕರುಳಿನಲ್ಲಿ ಕೆಲಸ ಮಾಡುವ ಸಾಮಾನ್ಯ ಮಾತ್ರೆ ಅವುಗಳನ್ನು ತಲುಪುವುದಿಲ್ಲ. ಗರ್ಭ ಧರಿಸಿದ ಸುಮಾರು 42ನೆಯ ದಿನದಿಂದ ಈ ಲಾರ್ವಾಗಳು ಎಚ್ಚೆತ್ತು ಮಾಸುವಿನ ಮೂಲಕ ಭ್ರೂಣಗಳ ಪಿತ್ತಜನಕಾಂಗವನ್ನು ಸೇರುತ್ತವೆ. ಮರಿ ಹುಟ್ಟಿದ ಮೇಲೆ ಶ್ವಾಸಕೋಶಕ್ಕೆ ಬಂದು, ಅಲ್ಲಿಂದ ಕೆಮ್ಮಿನೊಡನೆ ಗಂಟಲಿಗೇರಿ, ನುಂಗಲ್ಪಟ್ಟು, ಕರುಳಿನಲ್ಲಿ ಬೆಳೆಯುತ್ತವೆ. ಮರಿಗೆ ಮೂರು ವಾರ ತುಂಬುವ ಹೊತ್ತಿಗೆ ಹೆಣ್ಣುಹುಳುಗಳು ಮೊಟ್ಟೆ ಇಡಲು ಸಿದ್ಧವಾಗಿರುತ್ತವೆ. ಒಂದೂವರೆ ತಿಂಗಳು ಕಾಯಬೇಕೆಂಬ ಮಾತನ್ನು ಒಪ್ಪಿದರೆ ಅಷ್ಟರಲ್ಲಿ ಮರಿ ಬಡಕಲಾಗಿರುತ್ತದೆ, ಅಂಗಳದ ಮಣ್ಣಿನಲ್ಲಿಯೂ ಮೊಟ್ಟೆಗಳು ತುಂಬಿಕೊಂಡಿರುತ್ತವೆ.

ಆದ್ದರಿಂದಲೇ ಎರಡು ವಾರಕ್ಕೆ ಮೊದಲ ಔಷಧಿ ಹಾಕಿ, ನಾಲ್ಕು, ಆರು, ಎಂಟು ವಾರಗಳಿಗೆ ಮತ್ತೆ ಹಾಕಿ, ಬಳಿಕ ಆರು ತಿಂಗಳು ತುಂಬುವವರೆಗೆ ತಿಂಗಳಿಗೊಮ್ಮೆ ಕೊಡುವ ಪದ್ಧತಿ ಬಂದಿದೆ. ಔಷಧಿ ಕೊಟ್ಟ ದಿನ ಶ್ವಾಸಕೋಶದಲ್ಲಿದ್ದ ಲಾರ್ವಾ ಮುಂದಿನ ವಾರ ಕರುಳಿಗೆ ಇಳಿಯುತ್ತದೆ. ಅದಕ್ಕೆ ಆ ದಿನದ ಔಷಧಿ ತಗಲಿಯೇ ಇರುವುದಿಲ್ಲ. ಇಷ್ಟು ಚಿಕ್ಕ ಮರಿಗಳಿಗೆ ಪೈರಾಂಟೆಲ್ ಇರುವ ದ್ರವೌಷಧಿಯನ್ನು ಬಳಸುತ್ತೇವೆ. ಶೀಶೆಯ ತಳದಲ್ಲಿ ಔಷಧಿ ಗಸಿಗಟ್ಟಿ ಕುಳಿತಿರುತ್ತದೆ, ಚೆನ್ನಾಗಿ ಅಲುಗಾಡಿಸಿಯೇ ಸಿರಿಂಜಿಗೆ ಎಳೆದುಕೊಳ್ಳಬೇಕು. ಪ್ರತಿ ಮರಿಯನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಆ ತೂಕಕ್ಕೆ ಎಷ್ಟು ಮಿಲಿ ಎಂಬುದನ್ನು ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಬರೆಸಿಕೊಳ್ಳಿ. ಹುಳುಗಳ ಹೊರೆ ತೀರಾ ಹೆಚ್ಚಿದ್ದರೆ ಸತ್ತ ಹುಳುಗಳೇ ಕರುಳನ್ನು ಕಟ್ಟಿಕೊಳ್ಳುವುದುಂಟು. ಔಷಧಿಯ ನಂತರ ಮರಿ ಪದೇ ಪದೇ ವಾಂತಿ ಮಾಡಿ ಹಾಲನ್ನು ಬಿಟ್ಟರೆ ಅದೇ ದಿನ ತೋರಿಸಬೇಕು.

ತಾಯಿಗೂ ಮರಿಗಳ ಜೊತೆಯಲ್ಲಿಯೇ ಔಷಧಿ ಕೊಡಿ, ಏಕೆಂದರೆ ಮರಿಗಳನ್ನು ನೆಕ್ಕಿ ಶುಚಿಗೊಳಿಸುವಾಗ ಅದಕ್ಕೂ ಹುಳು ಹಿಂದಿರುಗುತ್ತದೆ. ಮುಂದಿನ ಬಾರಿ ಗರ್ಭ ನಿಂತಾಗ, 40ನೆಯ ದಿನದಿಂದ ಮರಿ ಹಾಕಿದ 14 ದಿನಗಳವರೆಗೆ ಪ್ರತಿದಿನ ಫೆನ್‌ಬೆಂಡಜೋಲ್ ಕೊಡುವ ಕ್ರಮವೊಂದಿದೆ. ಅದು ಮರಿಗಳಿಗೆ ದಾಟುವ ಲಾರ್ವಾಗಳನ್ನು ಬಹಳಷ್ಟು ತಗ್ಗಿಸುತ್ತದೆ.

ಗಂಡುನಾಯಿಯದು ಬೇರೆಯೇ ಹುಳು. ಅದು ಲಾಡಿಹುಳು, ಮಾತ್ರೆಗಿಂತ ಹೆಚ್ಚಾಗಿ ಚಿಗಟದ ಕಡೆ ನೋಡಬೇಕಾದ ಪ್ರಕರಣ. ಅದನ್ನು ಸಂಜೆ ವಿವರವಾಗಿ ಬರೆಯುತ್ತೇನೆ.

ಜಯನಗರದ ನಿವಾಸಿ (ಬೆಂಗಳೂರು)

ವೈದ್ಯರು ಬರೆಯುವುದರೊಳಗೆ ಚಿಗಟದ ಬಗ್ಗೆ ನಾನು ಅನುಭವದಿಂದ ತಿಳಿದುದನ್ನು ಹೇಳುತ್ತೇನೆ. ನಮ್ಮದು ಮೂರನೆಯ ಮಹಡಿಯ ಮನೆ; ನಾಯಿ ಮಣ್ಣು ಮುಟ್ಟುವುದೇ ಅಪರೂಪ. ಆದರೂ ಇದೇ ಬಿಳಿಯ ತುಣುಕುಗಳು ಬರುತ್ತಿದ್ದವು. ನಾಯಿಯನ್ನು ಬಿಳಿಯ ಬಟ್ಟೆಯ ಮೇಲೆ ನಿಲ್ಲಿಸಿ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕಪ್ಪು ಪುಡಿಯ ಮೇಲೆ ನೀರು ಚಿಮುಕಿಸಿದಾಗ ಅದು ಕೆಂಪಗೆ ಹರಡಿತು. ಮಣ್ಣಾಗಿದ್ದರೆ ಕಂದು ಬಣ್ಣ ಬರಬೇಕಿತ್ತು. ಕೆಂಪಾದುದು ಚಿಗಟದ ಹಿಕ್ಕೆಯಲ್ಲಿದ್ದ ಜೀರ್ಣವಾದ ರಕ್ತ. ಕಣ್ಣಿಗೆ ಒಂದು ಚಿಗಟವೂ ಬಿದ್ದಿರಲಿಲ್ಲ. ಹಾಸಿಗೆಯ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಸೋಫಾದ ಸಂದುಗಳಿಗೆ ವ್ಯಾಕ್ಯೂಮ್ ಹಾಕಿ, ವೈದ್ಯರು ಹೇಳಿದ ಚಿಗಟದ ಔಷಧಿಯನ್ನು ಮೂರು ತಿಂಗಳು ಬಿಡದೆ ಮುಂದುವರಿಸಿದ ಮೇಲೆ ತುಣುಕುಗಳು ನಿಂತವು.

ಪಶುವೈದ್ಯ (ಹಾಸನ)

ಮೇಲಿನವರು ಮಾಡಿದ ಬಟ್ಟೆಯ ಪರೀಕ್ಷೆಯನ್ನು ತುಂಗಾತೀರ ಅವರೂ ಇಂದೇ ಮಾಡಿ ನೋಡಬಹುದು.

ಡಿಪಿಲಿಡಿಯಂ ಕ್ಯಾನೈನಮ್ ಎಂಬ ಈ ಲಾಡಿಹುಳುವಿನ ತುಣುಕುಗಳಲ್ಲಿ ಮೊಟ್ಟೆಗಳ ಪೊಟ್ಟಣಗಳಿರುತ್ತವೆ. ಹಾಸಿಗೆಯಲ್ಲಿ ಬೆಳೆಯುವ ಚಿಗಟದ ಮರಿ ಆ ಮೊಟ್ಟೆಯನ್ನು ತಿನ್ನುತ್ತದೆ, ಅದು ಬೆಳೆದು ಚಿಗಟವಾದಾಗ ಹುಳುವಿನ ಸೋಂಕೂ ಅದರೊಳಗೇ ಸಿದ್ಧವಾಗುತ್ತದೆ, ತುರಿಕೆಯಿಂದ ಮೈ ಕಚ್ಚಿಕೊಳ್ಳುವ ನಾಯಿ ಆ ಚಿಗಟವನ್ನು ನುಂಗುತ್ತದೆ. ನುಂಗಿದ ಎರಡು ಮೂರು ವಾರಗಳಲ್ಲಿ ಹೊಸ ತುಣುಕುಗಳು ಹೊರಬೀಳುತ್ತವೆ. ನಿಮ್ಮ ಮಾತ್ರೆಯಲ್ಲಿರುವ ಪ್ರಾಜಿಕ್ವಾಂಟೆಲ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ, ಆದರೆ ಅದು ದೇಹದಲ್ಲಿ ಉಳಿಯುವ ಔಷಧಿಯಲ್ಲ. ನಾಳೆ ನುಂಗುವ ಚಿಗಟಕ್ಕೆ ಇಂದಿನ ಮಾತ್ರೆ ತಡೆಯಾಗುವುದಿಲ್ಲ. ಮನೆಯಲ್ಲಿರುವ ಎಲ್ಲ ನಾಯಿ ಬೆಕ್ಕುಗಳಿಗೂ ಒಂದೇ ಸಲ ಚಿಗಟದ ಚಿಕಿತ್ಸೆ ಆಗಬೇಕು. ಗೋಣಿಚೀಲವನ್ನು ಸುಟ್ಟುಬಿಡಿ, ಒಗೆಯಲು ಬರುವ ಬಟ್ಟೆ ಹಾಸಿ. ಒಂದು ಎಚ್ಚರಿಕೆ: ನಾಯಿಗೆಂದು ಮಾರುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ವಿಷ. ಹಾಲೂಡುವ ತಾಯಿಗೂ ಮೂರು ವಾರದ ಮರಿಗಳಿಗೂ ಯಾವ ಚಿಗಟನಾಶಕ ಆಗುತ್ತದೆ ಎಂಬುದನ್ನು ಕೇಳದೆ ಏನನ್ನೂ ಹಚ್ಚಬೇಡಿ.

ಹಳೇಕಾಲದವನು (ಸಾಗರ)

ಪ್ರತಿಯೊಂದಕ್ಕೂ ಇಂಗ್ಲಿಷ್ ಔಷಧಿ ಎನ್ನುವುದು ನನಗೆ ಅಷ್ಟು ಸರಿಕಾಣುವುದಿಲ್ಲ. ನಮ್ಮ ಕಡೆ ನಾಯಿಗೆ ಹುಳುವಾದರೆ ಹಾಗಲಕಾಯಿಯ ರಸ, ಬೆಳ್ಳುಳ್ಳಿ, ಬಲಿಯದ ಅಡಿಕೆಯ ಚೂರು ಕೊಡುತ್ತಿದ್ದರು, ಹುಳುಗಳೂ ಬೀಳುತ್ತಿದ್ದವು. ಅಡಿಕೆಯಿಂದ ಲಾಡಿಹುಳು ಬೀಳುವುದನ್ನು ನಾನೇ ಕಂಡಿದ್ದೇನೆ. ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ.

ಪಶುವೈದ್ಯ (ಹಾಸನ)

ಹಿರಿಯರೇ, ಅಡಿಕೆಯ ವಿಷಯದಲ್ಲಿ ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಲಾಡಿಹುಳುವಿನ ಸ್ನಾಯುಗಳ ಹಿಡಿತವನ್ನು ತಪ್ಪಿಸುತ್ತದೆ, ಜೊತೆಗೆ ನಾಯಿಗೆ ಜೋರಾದ ಭೇದಿಯನ್ನೂ ತರುತ್ತದೆ. ಈ ಗುಣದಿಂದಾಗಿಯೇ ಅರೆಕೋಲಿನ್ ಪಶುವೈದ್ಯರ ಪೆಟ್ಟಿಗೆಯಲ್ಲಿ ದಶಕಗಳ ಕಾಲ ಇತ್ತು. ನ್ಯೂಜಿಲೆಂಡಿನಲ್ಲಿ ಕುರಿಗಾಹಿ ನಾಯಿಗಳ ಲಾಡಿಹುಳುವನ್ನು ಹತ್ತಿಕ್ಕುವ ದೊಡ್ಡ ಆಂದೋಲನದಲ್ಲಿ ನಾಯಿಗಳಿಗೆ ಅರೆಕೋಲಿನ್ ಕುಡಿಸಿ, ಬಿದ್ದ ಮಲವನ್ನು ಪರೀಕ್ಷಿಸುತ್ತಿದ್ದರು.

ಆದರೆ ಅದನ್ನು ಕೈಬಿಟ್ಟುದಕ್ಕೂ ಕಾರಣವಿದೆ. ಹುಳು ಬೀಳಿಸುವ ಪ್ರಮಾಣಕ್ಕೂ ನಾಯಿಯನ್ನು ಕೆಡವುವ ಪ್ರಮಾಣಕ್ಕೂ ಅಂತರ ಕಡಿಮೆ. ಜೊಲ್ಲು ಸುರಿಯುವುದು, ವಾಂತಿ, ಹೃದಯದ ಬಡಿತ ಇಳಿದು ಕುಸಿದುಬೀಳುವುದು ಇವೆಲ್ಲ ಅದರ ಗುಣಗಳೇ. ಪ್ರತಿ ಅಡಿಕೆಯಲ್ಲಿ ಅರೆಕೋಲಿನ್ ಎಷ್ಟಿದೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಹುಳು ಸಾಯದೆ ಹಿಡಿತವನ್ನು ಮಾತ್ರ ಸಡಿಲಿಸುವುದರಿಂದ, ತಲೆ ಕರುಳಿನಲ್ಲಿ ಉಳಿದರೆ ಉದ್ದ ಮತ್ತೆ ಬೆಳೆಯುತ್ತದೆ. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಅರೆಕೋಲಿನ್ ಹಿಂದೆ ಸರಿಯಿತು. ಬೆಳ್ಳುಳ್ಳಿಯಂತೂ ಬೇಡವೇ ಬೇಡ: ಅದೂ ಈರುಳ್ಳಿಯೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹುಳುವಿನಿಂದ ಮೊದಲೇ ರಕ್ತ ಕಳೆದುಕೊಂಡ ನಾಯಿಗೆ ಅದನ್ನು ಕೊಡುವುದು ಗಾಯದ ಮೇಲೆ ಬರೆ ಎಳೆದಂತೆ.

ಪ್ರಯೋಗಾಲಯದವಳು (ಶಿವಮೊಗ್ಗ)

ಇಷ್ಟೆಲ್ಲ ಚರ್ಚೆಯಾದರೂ ಮಲ ಪರೀಕ್ಷೆಯ ಮಾತನ್ನು ಯಾರೂ ಎತ್ತದಿರುವುದು ಸೋಜಿಗ. ಯಾವ ಹುಳು ಎಂಬುದು ತಿಳಿಯದೆ ಮಾತ್ರೆ ಬದಲಿಸುತ್ತಾ ಹೋಗುವುದಕ್ಕಿಂತ ಇದು ಅಗ್ಗ. ನಾನು ದಿನವೂ ಮಾಡುವ ಕೆಲಸವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ.

ನೀರಿಗೆ ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿ ದ್ರಾವಣ ಮಾಡಿಟ್ಟಿರುತ್ತೇವೆ. ಕಡಲೆಕಾಳಿನಷ್ಟು ಮಲವನ್ನು ಅದರಲ್ಲಿ ಕದಡಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ, ಸಣ್ಣ ನಳಿಕೆಯ ಬಾಯಿಯವರೆಗೆ, ಮೇಲ್ಮೈ ಉಬ್ಬುವಂತೆ ತುಂಬಿಸಿ, ಅದರ ಮೇಲೆ ತೆಳುಗಾಜನ್ನು ಇಡುತ್ತೇವೆ. ಉಪ್ಪುನೀರಿಗಿಂತ ಹಗುರವಾದ ಮೊಟ್ಟೆಗಳು ಹತ್ತು ಹದಿನೈದು ನಿಮಿಷಗಳಲ್ಲಿ ತೇಲಿ ಬಂದು ಗಾಜಿಗೆ ಅಂಟಿಕೊಳ್ಳುತ್ತವೆ. ಗಾಜನ್ನು ಎತ್ತಿ ಸೂಕ್ಷ್ಮದರ್ಶಕದಡಿ ಇಟ್ಟರೆ ದುಂಡುಹುಳುವಿನ ಮೊಟ್ಟೆ ಕಂದುಬಣ್ಣದ್ದಾಗಿ, ಗುಳಿಬಿದ್ದ ದಪ್ಪ ಚಿಪ್ಪಿನೊಂದಿಗೆ ಕಾಣುತ್ತದೆ. ಕೊಕ್ಕೆಹುಳುವಿನದು ತೆಳುಚಿಪ್ಪಿನ ಅಂಡಾಕಾರ, ಒಳಗೆ ಕೆಲವೇ ಜೀವಕೋಶಗಳು. ಚಾಟಿಹುಳುವಿನದಕ್ಕೆ ಎರಡೂ ತುದಿಯಲ್ಲಿ ಬಿರಡೆಗಳಿರುತ್ತವೆ.

ಮಾದರಿ ತರುವವರು ಗಮನಿಸಬೇಕಾದ ಸಂಗತಿಗಳು ಕೆಲವಿವೆ. ಅಂದೇ ಹಾಕಿದ ಮಲವನ್ನು ಮಣ್ಣು ತಾಗದ ಭಾಗದಿಂದ ತೆಗೆದು ತನ್ನಿ. ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಅಲ್ಲ. ಡಿಪಿಲಿಡಿಯಂ ತುಣುಕುಗಳು ಇಡಿಯಾಗಿ ಹೊರಬೀಳುವುದರಿಂದ ಈ ಪರೀಕ್ಷೆಯಲ್ಲಿ ಅದು ಆಗಾಗ ತಪ್ಪಿಸಿಕೊಳ್ಳುತ್ತದೆ, ಹಾಗಾಗಿ ಬಿಳಿಯ ತುಣುಕು ಕಂಡಿದ್ದರೆ ಅದನ್ನು ಬಾಯಿಮಾತಿನಲ್ಲಿ ಹೇಳಲೇಬೇಕು, ಸಾಧ್ಯವಾದರೆ ಡಬ್ಬಿಯಲ್ಲಿ ಹಾಕಿ ತರಬೇಕು. ಹಳ್ಳಿಯ ನಾಯಿಗಳಲ್ಲಿ ಇನ್ನೊಂದು ಗೊಂದಲವಿದೆ: ಅವು ಸಗಣಿ ತಿನ್ನುವುದರಿಂದ ದನದ ಹುಳುಗಳ ಮೊಟ್ಟೆಗಳು ಹಾಗೆಯೇ ಹೊಟ್ಟೆಯನ್ನು ದಾಟಿ ಬಂದು ಕೊಕ್ಕೆಹುಳುವಿನ ಮೊಟ್ಟೆಯೆಂದು ಭ್ರಮೆ ಹುಟ್ಟಿಸುತ್ತವೆ. ನಾಯಿ ಕೊಟ್ಟಿಗೆಗೆ ಹೋಗುತ್ತದೆಯೇ ಎಂದು ನಾವು ಕೇಳಿದರೆ ಬೇಸರಪಡಬೇಡಿ.

ಕಡಲತಡಿ (ಕುಂದಾಪುರ)

ಕೊಕ್ಕೆಹುಳುವಿನ ಬಗ್ಗೆ ಇನ್ನಷ್ಟು ಬರೆಯಿರಿ. ನಮ್ಮ ಕೇರಿಯಲ್ಲಿ ಮರಳು ಅಂಗಳ. ಮಳೆಗಾಲದಲ್ಲಿ ಹುಟ್ಟಿದ ಬೀದಿನಾಯಿಯ ಮರಿಗಳು ಎರಡು ವಾರದೊಳಗೆ ಬಿಳಿಚಿಕೊಂಡು ಸಾಯುವುದನ್ನು ಕಾಣುತ್ತೇವೆ. ಒಂದರ ಮಲವನ್ನು ಪರೀಕ್ಷೆ ಮಾಡಿಸಿದಾಗ ಮೊಟ್ಟೆಗಳೇ ಇಲ್ಲವೆಂಬ ವರದಿ ಬಂತು.

ಪಶುವೈದ್ಯ (ಹಾಸನ)

ವರದಿ ಸರಿಯಾಗಿಯೇ ಇರಬಹುದು. ಆಂಕೈಲೊಸ್ಟೊಮಾ ಕ್ಯಾನೈನಮ್ ಎಂಬ ಕೊಕ್ಕೆಹುಳುವಿನ ಲಾರ್ವಾ ತಾಯಿಯ ಹಾಲಿನಲ್ಲಿಯೇ ಮರಿಗೆ ಇಳಿಯುತ್ತದೆ. ಹುಳು ಮೊಟ್ಟೆಯಿಡಲು ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಕು, ಆದರೆ ಅದಕ್ಕೂ ಮೊದಲೇ ಕರುಳಿನ ಗೋಡೆಯನ್ನು ಕಚ್ಚಿ ರಕ್ತ ಹೀರಲು ಶುರುಮಾಡಿರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.1 ಮಿಲಿ ರಕ್ತವನ್ನು ವ್ಯಯ ಮಾಡಿಸಬಲ್ಲದು. ಅರ್ಧ ಕಿಲೋ ತೂಗದ ಮರಿಯಲ್ಲಿ ಇಂತಹ ನೂರು ಹುಳುಗಳಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಇಂತಹ ಮರಿಗಳಲ್ಲಿ ಪರೀಕ್ಷೆಗಿಂತ ವಸಡು ಹೆಚ್ಚು ಹೇಳುತ್ತದೆ. ತುಟಿಯನ್ನು ಮೇಲೆತ್ತಿ ನೋಡಿ: ವಸಡು ಕಾಗದದಷ್ಟು ಬೆಳ್ಳಗಿದ್ದು, ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಅಂದೇ ಆಸ್ಪತ್ರೆಗೆ ಕೊಂಡೊಯ್ಯಬೇಕು. ಹುಳದ ಔಷಧಿಯೊಂದರಿಂದಲೇ ಅವು ಉಳಿಯುವುದಿಲ್ಲ, ಕೆಲವಕ್ಕೆ ರಕ್ತವನ್ನೇ ಕೊಡಬೇಕಾಗುತ್ತದೆ.

ಮಣ್ಣಿನಲ್ಲಿ ಬಿದ್ದ ಮೊಟ್ಟೆಯಿಂದ ಬೆಚ್ಚಗಿನ ತೇವದಲ್ಲಿ ಒಂದು ವಾರದೊಳಗೆ ಸೋಂಕು ಹರಡಬಲ್ಲ ಲಾರ್ವಾ ಸಿದ್ಧವಾಗುತ್ತದೆ, ಅದು ಚರ್ಮವನ್ನೂ ತೂರಬಲ್ಲದು. ಬರಿಗಾಲಿನಲ್ಲಿ ಮರಳಿನ ಮೇಲೆ ಆಡಿದ ಮಕ್ಕಳ ಪಾದದಲ್ಲಿ ತುರಿಕೆಯಿಂದ ಕೂಡಿದ, ದಿನದಿನಕ್ಕೆ ಮುಂದೆ ಸರಿಯುವ ಕೆಂಪು ಗೆರೆ ಕಂಡರೆ ಅದು ಈ ಲಾರ್ವಾದ ದಾರಿ. ಮಕ್ಕಳನ್ನು ಚರ್ಮರೋಗ ವೈದ್ಯರಿಗೆ ತೋರಿಸಿ. ನಮ್ಮ ದೇಶವೂ ಸೇರಿ ಏಷ್ಯಾದಲ್ಲಿ ಕಾಣುವ ಆಂಕೈಲೊಸ್ಟೊಮಾ ಸಿಲಾನಿಕಮ್ ಎಂಬ ಇನ್ನೊಂದು ಜಾತಿ ಮನುಷ್ಯರ ಕರುಳಿನಲ್ಲಿಯೇ ಪೂರ್ತಿಯಾಗಿ ಬೆಳೆಯಬಲ್ಲದು.

ಕಡಲತಡಿ (ಕುಂದಾಪುರ)

ದೊಡ್ಡ ನಾಯಿಗಳಲ್ಲಿ ಔಷಧಿ ಕೊಟ್ಟ ಎರಡು ಮೂರು ವಾರಕ್ಕೆ ಕೊಕ್ಕೆಹುಳುವಿನ ಮೊಟ್ಟೆ ಮತ್ತೆ ಕಾಣುವುದೂ ಅಂಗಳದ ಮರಳಿನಿಂದಲೇ?

ಪಶುವೈದ್ಯ (ಹಾಸನ)

ಅದೊಂದೇ ಕಾರಣವಲ್ಲ. ಸ್ನಾಯುಗಳಲ್ಲಿ ಸುಪ್ತವಾಗಿದ್ದ ಲಾರ್ವಾಗಳು ಕರುಳು ಖಾಲಿಯಾದೊಡನೆ ಒಂದಿಷ್ಟು ಇಳಿದು ಬಂದು ಜಾಗ ಹಿಡಿಯುತ್ತವೆ. ಮೂರನೆಯ ಸಾಧ್ಯತೆ ಔಷಧಿಗೆ ಬಗ್ಗದ ಹುಳು. ಅಮೆರಿಕದಲ್ಲಿ ರೇಸಿನ ಗ್ರೇಹೌಂಡ್ ನಾಯಿಗಳ ಕೊಕ್ಕೆಹುಳುಗಳು ಒಂದಕ್ಕಿಂತ ಹೆಚ್ಚು ವರ್ಗದ ಔಷಧಿಗಳಿಗೆ ಬಗ್ಗುತ್ತಿಲ್ಲವೆಂಬುದು 2019ರಿಂದ ಪ್ರಕಟವಾಗುತ್ತಾ ಬಂದಿದೆ. ಒಂದೇ ಕಡೆ ಕೂಡಿಹಾಕಿದ ನಾಯಿಗಳಿಗೆ ಅದೇ ಔಷಧಿಗಳನ್ನು ಮತ್ತೆ ಮತ್ತೆ ಕೊಟ್ಟುದರ ಫಲವಿದು. ಮೂರರಲ್ಲಿ ಯಾವುದೆಂದು ತಿಳಿಯಲು ಔಷಧಿ ಕೊಡುವ ದಿನ ಒಮ್ಮೆ, 10ರಿಂದ 14 ದಿನಗಳ ನಂತರ ಒಮ್ಮೆ ಮೊಟ್ಟೆಗಳನ್ನು ಎಣಿಸಿಸಬೇಕು. ಎಣಿಕೆ ಇಳಿಯದಿದ್ದರೆ ಔಷಧಿಯ ಮೇಲೆ ಅನುಮಾನಪಡಬೇಕು. ಚೆನ್ನಾಗಿ ಇಳಿದು ಆಮೇಲೆ ಏರಿದರೆ ಅಂಗಳವನ್ನೋ ನಾಯಿಯ ಸ್ನಾಯುಗಳನ್ನೋ ಹೊಣೆ ಮಾಡಬೇಕು.

ಬಯಲುಸೀಮೆ (ಶಿರಾ)

ನಮ್ಮ ಕಡೆಯ ಸಮಸ್ಯೆ ಬೇರೆ. ಜಾತ್ರೆಯಲ್ಲಿ ಕುರಿ ಕೊಯ್ದಾಗ ಶ್ವಾಸಕೋಶದಲ್ಲೋ ಈಲಿಯಲ್ಲೋ ನೀರು ತುಂಬಿದ ಗುಳ್ಳೆಗಳಿದ್ದರೆ ಅದನ್ನು ಮನುಷ್ಯರು ತಿನ್ನುವುದಿಲ್ಲ, ನಾಯಿಗೆ ಎಸೆಯುತ್ತಾರೆ. ಹಟ್ಟಿಯ ನಾಯಿಗಳಿಗೆ ಅದೇ ಹಬ್ಬ. ಇದರಿಂದಲೂ ಹುಳುವಾಗುತ್ತದೆಯೇ?

ಪಶುವೈದ್ಯ (ಹಾಸನ)

ಈ ಚರ್ಚೆಯಲ್ಲಿ ಬಂದ ಎಲ್ಲ ಹುಳುಗಳಿಗಿಂತ ನಾನು ಹೆಚ್ಚು ಹೆದರುವುದು ಇದಕ್ಕೆ. ಆ ನೀರುಗುಳ್ಳೆ ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳ ಚೀಲ. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಸಾವಿರಾರು ಹುಳುಗಳು ಬೆಳೆದು, ಆರೇಳು ವಾರಗಳಲ್ಲಿ ಮೊಟ್ಟೆ ಹೊರಬರಲು ಶುರುವಾಗುತ್ತದೆ. ನಾಯಿ ಗಟ್ಟಿಮುಟ್ಟಾಗಿಯೇ ಇರುತ್ತದೆ, ಮಲದಲ್ಲಿ ಕಣ್ಣಿಗೆ ಏನೂ ಬೀಳುವುದಿಲ್ಲ, ಸೂಕ್ಷ್ಮದರ್ಶಕದಲ್ಲಿಯೂ ಇದರ ಮೊಟ್ಟೆಯನ್ನು ಟೀನಿಯಾ ಜಾತಿಯ ಲಾಡಿಹುಳುಗಳ ಮೊಟ್ಟೆಯಿಂದ ಬೇರ್ಪಡಿಸಲಾಗದು. ನಾಯಿಯ ಮೈ ಸವರಿದ ಕೈಯಲ್ಲಿ ಊಟ ಮಾಡಿದ ಮನುಷ್ಯನ ಹೊಟ್ಟೆಗೆ ಆ ಮೊಟ್ಟೆ ಸೇರಿದರೆ, ಕುರಿಯಲ್ಲಿ ಕಂಡಂತಹ ಗುಳ್ಳೆ ಅವನ ಪಿತ್ತಜನಕಾಂಗದಲ್ಲಿಯೋ ಶ್ವಾಸಕೋಶದಲ್ಲಿಯೋ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆಯವರೆಗೆ ಒಯ್ಯುತ್ತದೆ.

ಅಡಿಕೆಯ ಚರ್ಚೆಯಲ್ಲಿ ಹೇಳಿದ ನ್ಯೂಜಿಲೆಂಡಿನ ಆಂದೋಲನ ಇದೇ ಹುಳುವಿನ ವಿರುದ್ಧದ್ದು. ಹಸಿ ಒಳಾಂಗಗಳನ್ನು ನಾಯಿಗೆ ಹಾಕುವುದನ್ನು ತಡೆದು, ನಾಯಿಗಳಿಗೆ ಔಷಧಿ ಕೊಟ್ಟು, 2002ರಲ್ಲಿ ಆ ದೇಶ ತಾತ್ಕಾಲಿಕವಾಗಿ ರೋಗಮುಕ್ತವೆಂದು ಘೋಷಿಸಿಕೊಂಡಿತು. ನಿಮ್ಮ ಹಟ್ಟಿಯಲ್ಲಿ ಮಾಡಬಹುದಾದುದೂ ಅದೇ: ಗುಳ್ಳೆಯಿರುವ ಅಂಗಗಳನ್ನು ನಾಯಿ ಕೆದಕಲಾಗದಷ್ಟು ಆಳವಾಗಿ ಹೂಳಬೇಕು ಅಥವಾ ಸುಡಬೇಕು, ನಾಯಿಗೆ ಹಾಕಲೇಬೇಕೆಂದಿದ್ದರೆ ಒಳಾಂಗಗಳನ್ನು ಅರ್ಧ ಗಂಟೆಗಿಂತ ಹೆಚ್ಚು ಕಾಲ ಕುದಿಸಬೇಕು, ಹಸಿ ಒಳಾಂಗ ತಿನ್ನುವ ಸಾಧ್ಯತೆಯಿರುವ ನಾಯಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಕೊಡಬೇಕು. ಮೂರು ತಿಂಗಳ ಲೆಕ್ಕ ಇಲ್ಲಿ ಸಾಲದು.

ಬಯಲುಸೀಮೆ (ಶಿರಾ)

ಕುರಿಗೆ ಹಾಕುವ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನೇ ನಮ್ಮವರು ನಾಯಿಗೂ ಚುಚ್ಚುತ್ತಾರೆ.

ಪಶುವೈದ್ಯ (ಹಾಸನ)

ಚುಚ್ಚಬಾರದು. ಐವರ್‌ಮೆಕ್ಟಿನ್ ಲಾಡಿಹುಳುವಿಗೆ ಏನನ್ನೂ ಮಾಡುವುದಿಲ್ಲ, ಆದ್ದರಿಂದ ನಿಮ್ಮ ಕಡೆಯ ಮುಖ್ಯ ಅಪಾಯ ಹಾಗೆಯೇ ಉಳಿಯುತ್ತದೆ. ಜಾನುವಾರುಗಳ ಔಷಧಿಯ ಸಾಂದ್ರತೆ ಹೆಚ್ಚು. ಕೈಯಂದಾಜಿನಲ್ಲಿ ಎಳೆದರೆ ನಾಯಿಯ ಮಟ್ಟಿಗೆ ಹತ್ತಾರು ಪಟ್ಟಾಗುತ್ತದೆ. ಕಾಲಿ (Collie) ಎಂಬ ಕುರಿಗಾಹಿ ನಾಯಿ ಮತ್ತು ಅದರ ಹತ್ತಿರದ ತಳಿಗಳಲ್ಲಿ ಒಂದು ಜೀನಿನ ದೋಷದಿಂದ ಈ ಔಷಧಿ ಮಿದುಳಿಗೆ ನುಗ್ಗಿ, ತೂರಾಟ, ಕುರುಡುತನ, ಪ್ರಜ್ಞಾಹೀನತೆ ಬರುತ್ತವೆ.

ತುಂಗಾತೀರ (ತೀರ್ಥಹಳ್ಳಿ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಮರಿಗಳಿಗೆ ಇಂದು ಪೈರಾಂಟೆಲ್ ಹಾಕಿಸಿದೆ. ಕೊನೆಯದಾಗಿ, ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಅಥವಾ ಫಿನಾಯಿಲ್ ಹಾಕಿದರೆ ಮೊಟ್ಟೆಗಳು ಸಾಯುತ್ತವೆಯೇ?

ಪ್ರಯೋಗಾಲಯದವಳು (ಶಿವಮೊಗ್ಗ)

ದುಂಡುಹುಳುವಿನ ಮೊಟ್ಟೆಗೆ ಅವೆರಡರಿಂದಲೂ ಏನೂ ಆಗುವುದಿಲ್ಲ. ಆ ಚಿಪ್ಪು ಮಣ್ಣಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಆದರೆ ಹೊಸದಾಗಿ ಬಿದ್ದ ಮೊಟ್ಟೆ ಸೋಂಕು ಹರಡಲು ಎರಡು ವಾರಗಳಾದರೂ ಬೇಕಾಗುವುದರಿಂದ, ಮಲವನ್ನು ಅಂದಂದೇ ಎತ್ತುವುದೇ ಸರಿಯಾದ ಉಪಾಯ. ಎತ್ತಿದ್ದನ್ನು ತರಕಾರಿ ಪಾತಿಗೂ ಗೊಬ್ಬರದ ಗುಂಡಿಗೂ ಹಾಕಬೇಡಿ. ಮರಿಗಳನ್ನು ತೋಟದ ನೆರಳಿನಿಂದ ತೆಗೆದು, ಬಿಸಿಲು ಬೀಳುವ ಸಿಮೆಂಟ್ ಜಗುಲಿಯ ಮೇಲಿಡಿ, ಜಗುಲಿಗೆ ಕುದಿಯುವ ನೀರು ಹಾಕಿ ಗುಡಿಸಿ. ಕೊಕ್ಕೆಹುಳುವಿನ ಲಾರ್ವಾ ಬಿಸಿಲಿಗೂ ಒಣಗಿದ ನೆಲಕ್ಕೂ ತಾಳುವುದಿಲ್ಲ. ಮರಿಗಳಿಗೆ ಎಂಟು ವಾರದ ಔಷಧಿಯಾದ ಮೇಲೂ ಭೇದಿ ನಿಲ್ಲದಿದ್ದರೆ ಮಾದರಿ ತನ್ನಿ, ಏಕೆಂದರೆ ಕಾಕ್ಸಿಡಿಯಾ ಮತ್ತು ಜಿಯಾರ್ಡಿಯಾ ಎಂಬ ಏಕಕೋಶಜೀವಿಗಳು ಪೈರಾಂಟೆಲ್‌ಗೆ ಜಗ್ಗುವುದಿಲ್ಲ, ಅವಕ್ಕೆ ಕೊಡುವ ಔಷಧಿಗಳೇ ಬೇರೆ. ಮಕ್ಕಳು ಮರಿಗಳನ್ನು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲಿ. ದುಂಡುಹುಳುವಿನ ಲಾರ್ವಾ ಮಗುವಿನ ಕಣ್ಣಿಗೆ ಹೊಕ್ಕರೆ ದೃಷ್ಟಿಗೇ ಅಪಾಯ.